ಗೊತ್ತಿರುವ ಕತೆಯನ್ನೇ ಮತ್ತೆ ಯಾಕೆ ಓದಬೇಕು?

ಹೋದ ತಿಂಗಳು ತುಮಕೂರಿನಲ್ಲಿ ಒಂದು ಮದುವೆ. ಎರಡನೇ ಪಂಕ್ತಿಗೆ ಕಾಯುತ್ತಾ ನಾನು ಪುಸ್ತಕ ಓದುತ್ತಾ ಕೂತಿದ್ದೆ. ಸಿಂಡರೆಲಾ ಕತೆಯನ್ನು ಅವಳ ಮಲತಾಯಿಯ ಮಗಳ ಬಾಯಲ್ಲಿ ಹೇಳಿಸುವ ದಪ್ಪನೆಯ ಫ್ಯಾಂಟಸಿ ಕಾದಂಬರಿ. ಪಕ್ಕದಲ್ಲಿದ್ದ ಆಂಟಿ ಪುಸ್ತಕ ತಿರುಗಿಸಿ ನೋಡಿ ಪ್ರೀತಿಯಿಂದಲೇ ಕೇಳಿದರು: ‘ಈ ಕತೆ ಎಲ್ಲರಿಗೂ ಗೊತ್ತಲ್ಲಮ್ಮ. ಚಪ್ಪಲಿ ಸಿಗುತ್ತೆ, ಮದುವೆ ಆಗುತ್ತೆ. ಅದನ್ನೇ ಮತ್ತೆ ಬರೆದರೆ ಕಾಪಿ ಅಲ್ವಾ?’

ಅಷ್ಟರಲ್ಲಿ ಊಟಕ್ಕೆ ಕರೆದರು. ಉತ್ತರ ಬಾಯಲ್ಲೇ ಉಳಿಯಿತು. ನನ್ನ ಕ್ಲಾಸಿನವರೂ ಇದನ್ನೇ ಕೇಳುತ್ತಾರೆ, ಮನೆಯಲ್ಲೂ ಕೇಳುತ್ತಾರೆ. ನಾನು ಹೈಸ್ಕೂಲಿನಿಂದ ಓದುತ್ತಿರುವುದೇ ಇಂಥ ಪುಸ್ತಕಗಳನ್ನು. ಅದಕ್ಕೇ ಸ್ವಲ್ಪ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರಿನ ವಿಷಯ. ಹಳೆಯ ಕತೆಯನ್ನು ಹೊಸದಾಗಿ ಹೇಳುವುದಕ್ಕೆ ರೀಟೆಲಿಂಗ್ ಅನ್ನುತ್ತಾರೆ, ಕನ್ನಡದಲ್ಲಿ ಮರುಕಥನ ಅನ್ನಬಹುದು. ಫೇರಿ ಟೇಲ್ ಅನ್ನುವುದಕ್ಕಂತೂ ನಮ್ಮಲ್ಲಿ ಇನ್ನೂ ಚೆಂದದ ಮಾತಿದೆ: ಅಡುಗೂಲಜ್ಜಿ ಕತೆ. ಅಡು, ಕೂಳು, ಅಜ್ಜಿ. ಊರಾಚೆ ಗುಡಿಸಲಲ್ಲಿ ಒಬ್ಬಳೇ ಇದ್ದು, ದಾರಿ ತಪ್ಪಿ ಬಂದ ರಾಜಕುಮಾರನಿಗೆ ಅನ್ನ ಬೇಯಿಸಿ ಹಾಕಿ, ಮುಂದಿನ ದಾರಿ ಹೇಳಿ ಕಳಿಸುವ ಅಜ್ಜಿ. ಫ್ರಾನ್ಸಿನಲ್ಲಿ ಮದಾಂ ದೋಲ್ನ್ವಾ ಎಂಬ ಲೇಖಕಿ 1697ರಲ್ಲಿ ತನ್ನ ಪುಸ್ತಕಕ್ಕೆ ‘ಯಕ್ಷಿಯರ ಕತೆಗಳು’ ಎಂಬ ಅರ್ಥದ ಹೆಸರಿಟ್ಟಳು, ಫೇರಿ ಟೇಲ್ ಎಂಬ ಮಾತು ಬಂದದ್ದು ಆ ಕಡೆಯಿಂದ. ಅವರು ಮಾಯೆ ಮಾಡುವವಳ ಹೆಸರಿಟ್ಟರು, ನಾವು ಊಟ ಹಾಕುವವಳ ಹೆಸರಿಟ್ಟೆವು. ನನಗೆ ನಮ್ಮದೇ ಜಾಸ್ತಿ ಇಷ್ಟ.

ಈಗ ಕಾಪಿ ವಿಷಯಕ್ಕೆ ಬರೋಣ. ಕಾಪಿ ಅನ್ನಬೇಕಾದರೆ ಒಂದು ಅಸಲಿ ಇರಬೇಕು ತಾನೇ? ಸಿಂಡರೆಲಾ ಕತೆಯ ಅಸಲಿ ಹುಡುಕುತ್ತಾ ಹೋಗಿ, ಸಿಗುವುದೇ ಇಲ್ಲ. ಗಾಜಿನ ಚಪ್ಪಲಿ, ಕುಂಬಳಕಾಯಿಯ ಸಾರೋಟು, ಯಕ್ಷಿ ತಾಯಿ, ಇವು ಮೂರೂ ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕತೆಯಲ್ಲಿವೆ. ಡಿಸ್ನಿಯವರ 1950ರ ಸಿನಿಮಾ ಹಿಡಿದದ್ದು ಇದನ್ನೇ, ಹಾಗಾಗಿ ನಮಗೆ ಇದೇ ಅಸಲಿ ಅನ್ನಿಸಿಬಿಟ್ಟಿದೆ. ಜರ್ಮನಿಯ ಗ್ರಿಮ್ ಸಹೋದರರ ಪುಸ್ತಕದಲ್ಲಿ ಯಕ್ಷಿಯೇ ಇಲ್ಲ. ಸತ್ತ ಅಮ್ಮನ ಸಮಾಧಿಯ ಮೇಲೆ ಹುಡುಗಿ ನೆಟ್ಟ ಗಿಡ ಮರವಾಗುತ್ತದೆ, ಅದರ ಮೇಲೆ ಕೂತ ಹಕ್ಕಿ ಬಟ್ಟೆ ಉದುರಿಸುತ್ತದೆ. ಚಪ್ಪಲಿ ಹಿಡಿಸಲಿ ಅಂತ ಅಕ್ಕಂದಿರಲ್ಲಿ ಒಬ್ಬಳು ಹೆಬ್ಬೆರಳು ಕತ್ತರಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಹಿಮ್ಮಡಿ. ಇನ್ನೂ ಹಿಂದಕ್ಕೆ ಹೋದರೆ, ಒಂಬತ್ತನೇ ಶತಮಾನದ ಚೀನಾದಲ್ಲಿ ದುವಾನ್ ಚೆಂಗ್‌ಶಿ ಬರೆದಿಟ್ಟ ಯೆ ಶಿಯೆನ್ ಎಂಬ ಹುಡುಗಿಯ ಕತೆ ಸಿಗುತ್ತದೆ. ಅಲ್ಲಿ ಅವಳಿಗೆ ಸಹಾಯ ಮಾಡುವುದು ಅವಳು ಸಾಕಿದ ಮೀನಿನ ಮೂಳೆ, ಕಳೆದುಹೋಗುವುದು ಚಿನ್ನದ ಪಾದರಕ್ಷೆ. 1893ರಲ್ಲಿ ಮೇರಿಯನ್ ಕಾಕ್ಸ್ ಎಂಬಾಕೆ ಕೂತು ಇದೇ ಬಗೆಯ 345 ಕತೆಗಳನ್ನು ಒಟ್ಟು ಹಾಕಿದಳು. ಯಾವುದನ್ನು ಅಸಲಿ ಅನ್ನುತ್ತೀರಿ?

ಇಷ್ಟೆಲ್ಲ ಕತೆಗಳನ್ನು ಗುರುತಿಸಲು ವಿದ್ವಾಂಸರು ಒಂದು ನಂಬರು ಪಟ್ಟಿ ಮಾಡಿಕೊಂಡಿದ್ದಾರೆ. ಫಿನ್ಲೆಂಡಿನ ಆಂತ್ತಿ ಆರ್ನೆ ಎಂಬಾತ 1910ರಲ್ಲಿ ಶುರು ಮಾಡಿದ, ಅಮೆರಿಕದ ಸ್ಟಿತ್ ಥಾಂಪ್ಸನ್ ಅದನ್ನು ಎರಡು ಸಲ ಬೆಳೆಸಿದ, ಜರ್ಮನಿಯ ಹಾನ್ಸ್ ಯೋರ್ಗ್ ಉಥರ್ 2004ರಲ್ಲಿ ತಿದ್ದಿದ. ಮೂವರ ಕೊನೆಯ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಸೇರಿಸಿ ಎಟಿಯು ಅನ್ನುತ್ತಾರೆ. ಸಿಂಡರೆಲಾ 510ಎ. ಕೆಂಪು ಟೋಪಿಯ ಹುಡುಗಿ 333. ರಾಕ್ಷಸನ ಪ್ರಾಣ ಬೇರೆಲ್ಲೋ ಬಚ್ಚಿಟ್ಟಿರುವ ಕತೆ 302. ಏಳು ಸಮುದ್ರದಾಚೆ, ಏಳು ಕೋಟೆಯೊಳಗೆ, ಪಂಜರದ ಗಿಳಿಯಲ್ಲಿ ಪ್ರಾಣ ಇಟ್ಟಿರುತ್ತಾನಲ್ಲ, ನಮ್ಮ ರಾಕ್ಷಸ, ಅವನೇ. ರಷ್ಯಾದಲ್ಲಿ ಅವನ ಹೆಸರು ಕಶ್ಚೇಯ್, ಅವನ ಸಾವು ಒಂದು ಸೂಜಿಯ ತುದಿಯಲ್ಲಿ, ಸೂಜಿ ಮೊಟ್ಟೆಯೊಳಗೆ, ಮೊಟ್ಟೆ ಬಾತುಕೋಳಿಯೊಳಗೆ, ಬಾತುಕೋಳಿ ಮೊಲದೊಳಗೆ. ಇವತ್ತಿನ ಫ್ಯಾಂಟಸಿ ಕಾದಂಬರಿಯಲ್ಲಿ ಖಳನಾಯಕ ತನ್ನ ಆತ್ಮವನ್ನು ಉಂಗುರದಲ್ಲೋ ಪುಸ್ತಕದಲ್ಲೋ ಅಡಗಿಸಿಟ್ಟ ಅಂತ ಓದಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ಹೊಸದು ಅಂತಲ್ಲ, ಈ ಗಿಳಿ ನನಗೆ ಮೊದಲೇ ಗೊತ್ತು ಅಂತ.

ಅಂದರೆ, ಅಡುಗೂಲಜ್ಜಿ ಕತೆ ಅನ್ನುವುದೇ ಮರುಕಥನ. ಪ್ರತಿ ಸಲ ಹೇಳಿದಾಗಲೂ ಹೇಳುವವರು ಏನನ್ನೋ ಬದಲಿಸುತ್ತಾರೆ. ಗ್ರಿಮ್ ಸಹೋದರರೂ ಕೇಳಿದ್ದನ್ನು ಕೇಳಿದ ಹಾಗೇ ಬರೆದವರಲ್ಲ. ಅವರ ಮೊದಲ ಸಂಪುಟ ಬಂದದ್ದು 1812ರಲ್ಲಿ, ಕೊನೆಯ ಪರಿಷ್ಕರಣೆ 1857ರಲ್ಲಿ. ಆ 45 ವರ್ಷ ಕೈಯಾಡಿಸುತ್ತಲೇ ಇದ್ದರು. 1812ರ ಪುಸ್ತಕದಲ್ಲಿ ಹಿಮಬಿಳುಪಿನ ಹುಡುಗಿಯನ್ನು, ಸ್ನೋ ವೈಟನ್ನು, ಕೊಲ್ಲಿಸಲು ಹೊರಟವಳು ಅವಳ ಸ್ವಂತ ತಾಯಿ. ಹೆತ್ತ ತಾಯಿ ಹೀಗೆ ಮಾಡುವುದನ್ನು ಮಕ್ಕಳ ಪುಸ್ತಕದಲ್ಲಿ ಇಡಲು ಆಗದೆ 1819ರಲ್ಲಿ ಅವಳನ್ನು ಮಲತಾಯಿ ಮಾಡಿದರು. ಬದಲಾದದ್ದು ಇಷ್ಟೇ, ಆಮೇಲೆ ಇನ್ನೂರು ವರ್ಷ ಲೋಕದ ಮಲತಾಯಂದಿರೆಲ್ಲ ಅದರ ಕೆಟ್ಟ ಹೆಸರು ಹೊತ್ತರು. ಈ ಒಂದು ಸಂಗತಿಯಿಂದಲೇ ಹೊಸ ಕಾದಂಬರಿಯೊಂದು ಹುಟ್ಟಬಹುದು, ಅಲ್ವಾ?

ಮರುಕಥನ ಕೆಲಸ ಮಾಡುವುದು ಹೇಗೆ ಅನ್ನುವುದು ಇಲ್ಲೇ ಇದೆ.

ಹಳೆಯ ಕತೆ ಎಲುಬಿನ ಗೂಡಿದ್ದ ಹಾಗೆ. ಒಬ್ಬ ರಾಜ ಇದ್ದ, ಅವನಿಗೆ ಮೂವರು ಹೆಣ್ಣುಮಕ್ಕಳು, ಅಷ್ಟೇ. ರಾಜನ ಹೆಸರಿಲ್ಲ, ಅವನ ಊರಿಗೆ ಯಾವ ದಾರಿ ಅಂತಿಲ್ಲ. ತೋಳ ಮಾತಾಡಿದರೆ ಯಾರಿಗೂ ಆಶ್ಚರ್ಯವಿಲ್ಲ. ಹುಡುಗಿ ಏಳು ವರ್ಷ ಮಾತಾಡದೆ ಇದ್ದಳು ಅಂತ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಏಳು ವರ್ಷ ಅವಳಿಗೆ ಹೇಗಿತ್ತು ಅಂತ ಕತೆ ಹೇಳುವುದಿಲ್ಲ. ಬಾಯಲ್ಲಿ ಹೇಳುವ ಕತೆಗೆ ಅದು ಬೇಕೂ ಇಲ್ಲ, ಯಾಕೆಂದರೆ ಉಳಿದದ್ದನ್ನೆಲ್ಲ ಹೇಳುವವರ ದನಿ, ಕೈ, ಕಣ್ಣು ತುಂಬುತ್ತವೆ, ಕೇಳುವವರ ‘ಹೂಂ’ ತುಂಬುತ್ತದೆ. ಆದರೆ ಅದೇ ಕತೆ ನಾನೂರು ಪುಟದ ಕಾದಂಬರಿಯಾಗಬೇಕಾದರೆ ಯಾರಾದರೂ ಯಾಕೆ ಅಂತ ಕೇಳಲೇಬೇಕು. ಹಳೆಯ ಕತೆ ಕೇಳದೆ ಬಿಟ್ಟ ಪ್ರಶ್ನೆ ಯಾವುದು? ಅದನ್ನು ಹುಡುಕಿ ಹಿಡಿಯುವುದೇ ಮರುಕಥನದ ಅರ್ಧ ಕೆಲಸ.

ನಮ್ಮದೇ ಕತೆ ಒಂದನ್ನು ತೆಗೆದುಕೊಂಡು ನೋಡೋಣ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ‘ಹಂಚಿ’. ಅವರೇ ಇದನ್ನು ಕನ್ನಡದ ಸಿಂಡರೆಲಾ ಅಂತ ಕರೆದರು. ಒಬ್ಬ ತಾಯಿಗೆ ಮಗ, ಮಗಳು. ಮಗಳದು ಚಿನ್ನದ ಕೂದಲು. ಅಣ್ಣನ ಮನಸ್ಸು ಆ ಕೂದಲಿನ ಮೇಲೆ ಹೋಗುತ್ತದೆ. ತಾಯಿ ಹೆದರಿ ಮಗಳಿಗೆ ಮಣ್ಣಿನ ಮುಖವಾಡ ಮಾಡಿಸಿ ತೊಡಿಸಿ ಮನೆಯಿಂದ ಕಳಿಸಿಬಿಡುತ್ತಾಳೆ. ಮುಖ ಹಂಚಿನ ಹಾಗಾದವಳು ಹಂಚಿ. ದೊಡ್ಡವರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ, ಒಂದು ದಿನ ಮುಖವಾಡ ತೆಗೆದು ಸ್ನಾನ ಮಾಡುವಾಗ ಆ ಮನೆಯ ಮಗ ನೋಡುತ್ತಾನೆ, ಮದುವೆ ಆಗುತ್ತದೆ.

ಪೆರೋ ಆಗಿದ್ದರೆ ಕತೆ ಇಲ್ಲಿಗೆ ಮುಗಿಯಿತು. ಹಂಚಿ ಕತೆ ಇಲ್ಲಿಂದ ಇನ್ನೊಂದು ಸಲ ಶುರುವಾಗುತ್ತದೆ. ಮನೆಗೆ ಬರುವ ಒಬ್ಬ ಗುರು ಅವಳ ಮೇಲೆ ಕಣ್ಣು ಹಾಕುತ್ತಾನೆ. ಅವಳು ಒಪ್ಪದಿದ್ದಾಗ ಸುಳ್ಳು ಅಪವಾದ ಹೊರಿಸಿ, ಪೆಟ್ಟಿಗೆಯಲ್ಲಿ ತುಂಬಿಸಿ ಮನೆಯಿಂದ ಹೊರಹಾಕಿಸುತ್ತಾನೆ. ಆ ಪೆಟ್ಟಿಗೆ ಒಬ್ಬ ಮುದುಕಿಯ ಕೈಗೆ ಬರುತ್ತದೆ, ಆ ಮುದುಕಿ ಬೇರೆ ಯಾರೂ ಅಲ್ಲ, ಅವಳ ತಾಯಿ. ತಾಯಿ ಮಗಳನ್ನು ಹೊರಗೆ ತೆಗೆದು ಪೆಟ್ಟಿಗೆಯಲ್ಲಿ ಹುಚ್ಚುನಾಯಿ ತುಂಬಿಡುತ್ತಾಳೆ. ಗುರು ಬಂದು ಪೆಟ್ಟಿಗೆ ತೆರೆಯುತ್ತಾನೆ. ಹೆಂಗಸರು ಹೇಳುವ ಕತೆಗಳಲ್ಲಿ ಮದುವೆ ಕೊನೆಯಲ್ಲ, ನಿಜವಾದ ಕಷ್ಟ ಅಲ್ಲಿಂದಲೇ ಶುರು ಅಂತ ರಾಮಾನುಜನ್ ಗಮನಿಸಿದ್ದರು. ಹಂಚಿ ಓದಿದ ಮೇಲೆ ಆ ಮಾತು ನನಗೆ ಅರ್ಥವಾಯಿತು.

ಈಗ ನಾನು ಇದನ್ನು ಕಾದಂಬರಿ ಮಾಡಲು ಹೊರಟೆ ಅಂದುಕೊಳ್ಳಿ. ನನ್ನ ಮೊದಲ ಪ್ರಶ್ನೆ ಮುಖವಾಡದ್ದು. ಏಪ್ರಿಲ್ ತಿಂಗಳು, ಸೌದೆ ಒಲೆ ಮುಂದೆ ಕೂತ ಹುಡುಗಿ, ಮುಖದ ಮೇಲೆ ಮಣ್ಣು. ಬೆವರು ಎಲ್ಲಿಗೆ ಹೋಗುತ್ತದೆ? ಒಳಗೆ ತುರಿಕೆ ಬಂದರೆ? ರಾತ್ರಿ ಅದನ್ನು ಹಾಕಿಕೊಂಡೇ ಮಲಗುತ್ತಾಳಾ? ಊಟ ಮಾಡುವಾಗ ಬಾಯಿಯ ಹತ್ತಿರ ಎಷ್ಟು ಜಾಗ ಬಿಟ್ಟಿದ್ದಾರೆ? ಹಾಗೆ ಯೋಚಿಸುತ್ತಾ ಹೋದಾಗ ಇನ್ನೊಂದು ದೊಡ್ಡ ಪ್ರಶ್ನೆ ಎದುರಾಗುತ್ತದೆ: ತಪ್ಪು ಅಣ್ಣನದು, ಮನೆ ಬಿಟ್ಟು ಹೋದವಳು ತಂಗಿ, ಯಾಕೆ? ಮಗಳಿಗೆ ಆ ಮುಖವಾಡ ತೊಡಿಸುತ್ತಾ ತಾಯಿ ಏನು ಯೋಚಿಸಿದಳು? ಹಳೆಯ ಕತೆ ಒಂದು ಸಾಲಿನಲ್ಲಿ ದಾಟಿದ ಈ ಜಾಗದಲ್ಲಿ ನೂರು ಪುಟ ಇದೆ. ಒಳ್ಳೆಯ ಮರುಕಥನ ಅಲ್ಲಿಗೆ ಹೋಗಿ ಕೂರುತ್ತದೆ.

ಓದುವವರಿಗೆ ಕತೆ ಮೊದಲೇ ಗೊತ್ತಿರುವುದು ಇದಕ್ಕೆ ಅಡ್ಡಿಯಲ್ಲ, ಅದೇ ಬಂಡವಾಳ. ಚಪ್ಪಲಿ ಸಿಗುತ್ತದೆ ಅಂತ ಗೊತ್ತಿರುವುದರಿಂದಲೇ ಅದು ಸಿಗದೆ ಹೋದಾಗ ಎದೆ ಧಸಕ್ ಅನ್ನುತ್ತದೆ. ಪರಿಚಯದ ದಾರಿಯಲ್ಲಿ ಕತ್ತಲಲ್ಲಿ ನಡೆಯುವಾಗ, ಯಾವಾಗಲೂ ಇದ್ದ ಮೆಟ್ಟಿಲು ಇಲ್ಲದಿದ್ದರೆ ಆಗುತ್ತದಲ್ಲ, ಹಾಗೆ. ಹೊಚ್ಚಹೊಸ ಕತೆಗೆ ಇದು ಸಾಧ್ಯವಿಲ್ಲ.

ಇನ್ನು ಮಾಯೆ. ಫ್ಯಾಂಟಸಿ ಅಂದರೆ ಏನು ಬೇಕಾದರೂ ಆಗಬಹುದು ಅಂತ ಸುಮಾರು ಜನ ತಿಳಿದಿದ್ದಾರೆ. ಸರಿಯಾಗಿ ಉಲ್ಟಾ. ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ 1939ರಲ್ಲಿ ಕೊಟ್ಟ ಒಂದು ಉಪನ್ಯಾಸದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ: ಬರೆಯುವವರು ಎರಡನೆಯ ಒಂದು ಲೋಕ ಕಟ್ಟುತ್ತಾರೆ, ಅದರ ನಿಯಮಗಳ ಒಳಗೆ ಅವರು ಹೇಳುವುದೆಲ್ಲ ನಿಜ, ನಂಬಿಕೆ ಮುರಿದ ಕ್ಷಣ ಓದುಗ ಹೊರಗೆ ಬಿದ್ದ. ಹಾಗಾಗಿ ಮಾಯೆಗೆ ನಿಯಮ ಬೇಕು, ಬೆಲೆ ಬೇಕು. ಈಗಿನ ಓದುಗರು ಇದನ್ನು ಮ್ಯಾಜಿಕ್ ಸಿಸ್ಟಂ ಅನ್ನುತ್ತಾರೆ. ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಕನ್ನಡದ್ದೇ, ಹೂವಿನ ಮರವಾಗುವ ಹುಡುಗಿಯ ಕತೆ. ಇದೂ ರಾಮಾನುಜನ್ ಸಂಗ್ರಹದ್ದು. ಬಡವರ ಮನೆಯ ಹುಡುಗಿ. ಒಂದು ಬಿಂದಿಗೆ ನೀರು ಮೈಮೇಲೆ ಹಾಕಿದರೆ ಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಹಾಕಿದರೆ ಮತ್ತೆ ಹುಡುಗಿಯಾಗುತ್ತಾಳೆ. ಹೂವು ಬಿಡಿಸುವವರು ಜೋಪಾನವಾಗಿರಬೇಕು, ಎಲೆ ಕೀಳಬಾರದು, ರೆಂಬೆ ಮುರಿಯಬಾರದು. ಅಷ್ಟೇ ನಿಯಮ. ಅಕ್ಕ ಹೂ ಬಿಡಿಸುವಾಗ ಎಲ್ಲ ಸರಿಯಾಗಿರುತ್ತದೆ, ಹೂ ಮಾರಿ ಮನೆಗೆ ನಾಲ್ಕು ಕಾಸು ಬರುತ್ತದೆ. ರಾಜಕುಮಾರನ ಜೊತೆ ಮದುವೆಯಾದ ಮೇಲೆ ನಾದಿನಿ ಹಠ ಮಾಡಿ ಅವಳನ್ನು ಮರವಾಗಿಸುತ್ತಾಳೆ, ಗೆಳತಿಯರು ರೆಂಬೆ ಮುರಿಯುತ್ತಾರೆ, ನೀರನ್ನು ಸರಿಯಾಗಿ ಹಾಕದೆ ಓಡುತ್ತಾರೆ. ಅವಳು ಅರ್ಧ ಹುಡುಗಿ, ಅರ್ಧ ಮರದ ಬೊಡ್ಡೆಯಾಗಿ, ಕೈಕಾಲಿಲ್ಲದೆ ಉಳಿದುಬಿಡುತ್ತಾಳೆ.

ಎರಡೇ ಬಿಂದಿಗೆ ನೀರು, ಒಂದೇ ಎಚ್ಚರಿಕೆ. ಅದರ ಮೇಲೆ ಇಡೀ ಕತೆ ನಿಂತಿದೆ. ನಾನು ಓದಿದ ಎಷ್ಟೋ ದಪ್ಪ ಪುಸ್ತಕಗಳಲ್ಲಿ ಇಷ್ಟು ಬಿಗಿಯಾದ ಮಾಯೆ ಇಲ್ಲ. ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ಈ ಕತೆಯನ್ನು ಒಪೆರಾ, ಅಂದರೆ ಹಾಡಿನ ನಾಟಕ, ಮಾಡಿದರು, 2006ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನವಾಯಿತು. ಕನ್ನಡದ ಹುಡುಗಿ ವಿಯೆನ್ನಾದ ವೇದಿಕೆಯಲ್ಲಿ ಮರವಾದಳು. ಅದೂ ಒಂದು ಮರುಕಥನವೇ.

ಇದೆಲ್ಲ ಹೊರಗಿನವರ ಹೊಸ ಫ್ಯಾಷನ್ ಅನ್ನುವವರಿಗೆ ನಾನು ಪಂಪನನ್ನು ತೋರಿಸುತ್ತೇನೆ. 941ರಲ್ಲಿ ಪಂಪ ಮಹಾಭಾರತ ಬರೆದಾಗ ಆ ಕತೆ ಯಾರಿಗೆ ಗೊತ್ತಿರಲಿಲ್ಲ? ಅವನು ಅರ್ಜುನನ ಜಾಗದಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕೂರಿಸಿದ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ, ಕರ್ಣನನ್ನು ಓದುಗರು ಮರೆಯದ ಹಾಗೆ ಮಾಡಿದ. ಆಮೇಲೆ ಬಂದ ರನ್ನ ಭೀಮನನ್ನು ಹೊಗಳಲು ಕೂತವನು, ದುರ್ಯೋಧನನ ದುಃಖದ ಮುಂದೆ ನಮ್ಮನ್ನು ಎಷ್ಟು ಹೊತ್ತು ನಿಲ್ಲಿಸುತ್ತಾನೆ ಅಂದರೆ, ಖಳನ ಕಡೆಯಿಂದ ಕತೆ ಹೇಳುವುದು ಈಗ ಬಂದ ಉಪಾಯ ಅಂತ ಹೇಳುವ ಬಾಯಿ ಮುಚ್ಚಬೇಕು. ಕುವೆಂಪು ಅವರ ಕಿಂದರಿಜೋಗಿ? ಅದು ಜರ್ಮನಿಯ ಹ್ಯಾಮೆಲಿನ್ ಊರಿನ ಹಳೆಯ ಐತಿಹ್ಯ, ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ ಪದ್ಯ ಮಾಡಿದ್ದು. ವೇಸರ್ ನದಿಯ ಇಲಿಗಳು ತುಂಗೆಯ ದಡಕ್ಕೆ ಬಂದವು, ಹ್ಯಾಮೆಲಿನ್ ಬೊಮ್ಮನಹಳ್ಳಿಯಾಯಿತು. ಚಿಕ್ಕಂದಿನಲ್ಲಿ ನನಗೆ ಅದು ಬೇರೆ ದೇಶದ ಕತೆ ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ. ಗಿರೀಶ ಕಾರ್ನಾಡರ ನಾಗಮಂಡಲಕ್ಕೂ ಬೀಜ ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕತೆಗಳು.

ನಮ್ಮ ಸುತ್ತಮುತ್ತಲ ಜನ ಇದನ್ನು ಬರೆಯದೆಯೂ ಮಾಡಿದ್ದಾರೆ. ದೇವರಾಯನದುರ್ಗದ ಕೆಳಗೆ ನಾಮದ ಚಿಲುಮೆ ಇದೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ, ನೀರು ಬಂತು ಅಂತ ಹೇಳುತ್ತಾರೆ. ಕೋಲಾರ ಜಿಲ್ಲೆಯ ಆವನಿಗೆ ಹೋದರೆ ಲವಕುಶರು ಹುಟ್ಟಿದ್ದು ಇಲ್ಲೇ ಅನ್ನುತ್ತಾರೆ. ಚಿಕ್ಕಬಳ್ಳಾಪುರದ ಕೈವಾರ ಏಕಚಕ್ರಪುರವಂತೆ, ಬಕಾಸುರನನ್ನು ಭೀಮ ಕೊಂದ ಊರು. ಬಂಡಿ ತುಂಬ ಅನ್ನ, ಬಂಡಿ ಎಳೆಯುವ ಕೋಣಗಳು, ಜೊತೆಗೆ ಸರದಿ ಪ್ರಕಾರ ಒಬ್ಬ ಮನುಷ್ಯ. ಯುರೋಪಿನಲ್ಲಿ ಇದೇ ಕತೆಯಲ್ಲಿ ಡ್ರ್ಯಾಗನ್ನಿಗೆ ಸರದಿ ಮೇಲೆ ಹುಡುಗಿಯರನ್ನು ಕಳಿಸುತ್ತಾರೆ, ಎಟಿಯು ನಂಬರು 300. ನನಗೆ ಕೈವಾರದ ಬೆಟ್ಟ ಕಂಡಾಗಲೆಲ್ಲ ಬರುವ ಪ್ರಶ್ನೆ ಒಂದೇ: ಭೀಮ ಬರುವುದಕ್ಕೆ ಮುಂಚಿನ ವಾರ ಸರದಿ ಯಾರದಿತ್ತು? ಆ ಮನೆಯವರು, ರಾಕ್ಷಸ ಸತ್ತ ಸುದ್ದಿ ಕೇಳಿ ಊರೆಲ್ಲ ಕುಣಿಯುವಾಗ, ಬಾಗಿಲು ಹಾಕಿಕೊಂಡು ಕೂತಿದ್ದರಾ? ಯಾರಾದರೂ ಬರೆದರೆ ಮೊದಲು ಓದುವವಳು ನಾನು.

ಎಲ್ಲ ಮರುಕಥನವೂ ಚೆನ್ನಾಗಿರುತ್ತದೆ ಅಂತ ನಾನು ಹೇಳುವುದಿಲ್ಲ. ರಾಜಕುಮಾರಿಯ ಕೈಗೆ ಕತ್ತಿ ಕೊಟ್ಟು, ಉಳಿದದ್ದೆಲ್ಲ ಹಾಗೇ ಬಿಟ್ಟರೆ ಏನೂ ಬದಲಾಗಲಿಲ್ಲ, ವೇಷ ಬದಲಾಯಿತು ಅಷ್ಟೇ. ಖಳನಾಯಕಿಗೆ ಒಂದು ದುಃಖದ ಬಾಲ್ಯ ಅಂಟಿಸಿ ಅವಳು ಮಾಡಿದ್ದನ್ನೆಲ್ಲ ಸರಿ ಅನ್ನಿಸುವ ಪುಸ್ತಕಗಳೂ ನನಗೆ ಹಿಡಿಸುವುದಿಲ್ಲ. ರನ್ನನ ದುರ್ಯೋಧನ ಮಾಡಿದ ತಪ್ಪು ತಪ್ಪಾಗಿಯೇ ಉಳಿಯುತ್ತದೆ, ಆದರೂ ನಮ್ಮ ಕಣ್ಣು ಒದ್ದೆಯಾಗುತ್ತದೆ. ಅದು ಕಷ್ಟದ ಕೆಲಸ.

ಮದುವೆ ಮನೆಯ ಆ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ಶಿರಾ ಹತ್ತಿರದ ನಮ್ಮ ಅಜ್ಜಿಯ ಊರಿಗೆ ಹೋಗಿದ್ದೆ. ಹುಣಸೆಹಣ್ಣಿನ ಕಾಲ. ಜಗಲಿ ಮೇಲೆ ಅಜ್ಜಿ ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು, ನಾನು ಎದುರಿಗೆ ಕೂತು ನಾರು ತೆಗೆಯುತ್ತಿದ್ದೆ. ಕೈ ಎಲ್ಲ ಅಂಟು. ಈ ಸಲ ಕತೆ ನಾನು ಹೇಳುತ್ತೇನೆ ಅಂತ ಸಿಂಡರೆಲಾ ಕತೆ ಹೇಳಿದೆ. ಅಜ್ಜಿ ‘ಹೂಂ, ಹೂಂ’ ಅನ್ನುತ್ತಾ ಕೇಳಿದಳು. ಗಂಟೆ ಹನ್ನೆರಡಾಯಿತು, ಮೆಟ್ಟಿಲ ಮೇಲೆ ಒಂದು ಚಪ್ಪಲಿ ಉಳಿಯಿತು, ಹುಡುಗಿ ಓಡಿದಳು ಅಂದೆ. ಹೂಂ ನಿಂತಿತು. ಕೈಯಲ್ಲಿದ್ದ ಕೊಡತಿ ಕೆಳಗಿಟ್ಟು ಕೇಳಿದಳು: ‘ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿಗಾಲು. ಕತ್ತಲಲ್ಲಿ ಅಷ್ಟು ದೂರ ಹೆಂಗೆ ನಡೆದಳೇ? ಮುಳ್ಳು ಚುಚ್ಚಲಿಲ್ವಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಪೆರೋ ಹತ್ತಿರವೂ ಇಲ್ಲ, ಗ್ರಿಮ್ ಹತ್ತಿರವೂ ಇಲ್ಲ.

ಮಾರನೇ ದಿನ ಸಂಜೆ ಪಕ್ಕದ ಮನೆಯ ಮಗು ಜಗಲಿಗೆ ಬಂದಿತ್ತು. ಅಜ್ಜಿ ಅದನ್ನು ತೊಡೆ ಮೇಲೆ ಕೂರಿಸಿಕೊಂಡು ಕತೆ ಹೇಳುತ್ತಿದ್ದಳು. ನಾನು ಒಳಗಿನಿಂದ ಕೇಳಿಸಿಕೊಂಡೆ. ಅದೇ ಹುಡುಗಿ, ಅದೇ ಮಲತಾಯಿ. ಆದರೆ ಓಡುವಾಗ ಹುಡುಗಿ ಉಳಿದ ಇನ್ನೊಂದು ಚಪ್ಪಲಿಯನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ದಾರಿಯಲ್ಲಿ ಜಾಲಿ ಮುಳ್ಳು ಹಿಮ್ಮಡಿಗೆ ಹೊಕ್ಕಿತು. ಬೆಳಿಗ್ಗೆ ರಾಜನ ಕಡೆಯವರು ಚಪ್ಪಲಿ ಹಿಡಿದು ಮನೆಮನೆಗೆ ಬಂದರು. ಅಕ್ಕಂದಿರ ಕಾಲಿಗೂ ಹಿಡಿಸಿತು, ಊರಿನ ಅರ್ಧ ಹುಡುಗಿಯರ ಕಾಲಿಗೂ ಹಿಡಿಸಿತು, ಒಂದೇ ಅಳತೆಯ ಕಾಲು ಊರಲ್ಲಿ ಎಷ್ಟಿರಲ್ಲ? ಆಗ ಬಂದವರಲ್ಲಿ ವಯಸ್ಸಾದ ಒಬ್ಬ ಚಪ್ಪಲಿ ಪಕ್ಕಕ್ಕಿಟ್ಟು ಹೇಳಿದನಂತೆ: ‘ಎಲ್ಲರೂ ಬಾವಿ ತನಕ ಒಂದು ಸಲ ನಡೆದು ಬನ್ನಿ ನೋಡೋಣ.’

‘ಹೂಂ’ ಅಂತು ಮಗು.